ಕೈತೋಟದಲ್ಲಿ ಗಿಡದಿಂದ ಗಿಡಕ್ಕೆ ಎಷ್ಟು ಅಂತರ ಬಿಡಬೇಕು?

"ಹಿತ್ತಲಲ್ಲಿ 12 ಅಡಿ ಜಾಗ ಇದೆ, ಎಷ್ಟು ಟೊಮೆಟೊ ಗಿಡ ಹಿಡಿಸುತ್ತೆ?" "ಬದನೆ ಪಕ್ಕದಲ್ಲೇ ಮೆಣಸಿನ ಗಿಡ ಹಾಕಬಹುದಾ?" "ಗಿಡ ಸೊಂಪಾಗಿ ಬಂದಿದೆ, ಕಾಯಿ ಮಾತ್ರ ಇಲ್ಲ, ಯಾಕೆ?" ಕೈತೋಟ ಮಾಡುವವರು ನನ್ನನ್ನು ಜಾಸ್ತಿ ಕೇಳುವುದು ಈ ಮೂರು ಪ್ರಶ್ನೆಗಳನ್ನೇ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಸಸಿ ನೆಡುವ ದಿನ ನಮ್ಮ ಕೈಯಲ್ಲಿ ಇರುವುದು ನಾಲ್ಕು ಎಲೆಯ ಪುಟ್ಟ ಗಿಡ. ಅದನ್ನು ಎರಡಡಿಗೆ ಒಂದರಂತೆ ನೆಟ್ಟರೆ ಮಡಿ ಬೋಳುಬೋಳಾಗಿ ಕಾಣುತ್ತದೆ. ಸುಮ್ನೆ ಜಾಗ ಹಾಳಾಗುತ್ತಿದೆ ಅನ್ನಿಸಿ ಮಧ್ಯೆ ಇನ್ನೊಂದು ನೆಡುತ್ತೇವೆ. ನನ್ನ ಮೊದಲ ವರ್ಷ ನಾನೂ ಹಾಗೇ ಮಾಡಿದೆ. ಎರಡು ತಿಂಗಳ ಹೊತ್ತಿಗೆ ಟೊಮೆಟೊ ಗಿಡಗಳ ಒಳಗೆ ಕೈ ಹಾಕಲೂ ಆಗಲಿಲ್ಲ. ಕೆಳಗಿನ ಎಲೆಗಳೆಲ್ಲ ಚುಕ್ಕೆ ಬಿದ್ದು ಒಣಗಿದವು. ಆ ವರ್ಷದ ನಂತರ ನಾನು ಅಳೆಯದೆ ಒಂದು ಸಸಿಯನ್ನೂ ನೆಟ್ಟಿಲ್ಲ.

ಅಂತರ ಕಡಿಮೆಯಾದರೆ ಆಗುವುದು ಇಷ್ಟು. ಎಲೆಯ ಮೇಲೆ ಎಲೆ ಬಂದು ಕೆಳಗಿನ ಎಲೆಗೆ ಬಿಸಿಲು ಸಿಗುವುದಿಲ್ಲ. ಬಿಸಿಲು ಹುಡುಕಿಕೊಂಡು ಗಿಡ ಉದ್ದಕ್ಕೆ ಎಳೆಯುತ್ತದೆ, ಹೂವು ಕಡಿಮೆಯಾಗುತ್ತದೆ. ಗಾಳಿ ಆಡದೆ ಎಲೆಯ ಮೇಲಿನ ನೀರು ಬೇಗ ಆರುವುದಿಲ್ಲ. ಎಲೆಚುಕ್ಕೆ ಮತ್ತು ಅಂಗಮಾರಿ ರೋಗಗಳಿಗೆ, ಅಂದರೆ ಎಲೆ ಕಂದಾಗಿ ಸುಟ್ಟಂತಾಗುವ ರೋಗಕ್ಕೆ, ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಮಣ್ಣಿನೊಳಗೆ ಬೇರುಗಳೂ ಒಂದೇ ನೀರಿಗೆ, ಒಂದೇ ಗೊಬ್ಬರಕ್ಕೆ ಕಿತ್ತಾಡುತ್ತವೆ. ಹಾಗಂತ ಅಂತರ ವಿಪರೀತವಾದರೂ ಒಳ್ಳೆಯದಲ್ಲ. ಬೋಳು ಮಣ್ಣು ಬೇಗ ಒಣಗುತ್ತದೆ, ಕಳೆ ಹಬ್ಬುತ್ತದೆ. ಪೂರ್ತಿ ಬೆಳೆದ ಎರಡು ಗಿಡಗಳ ಹೊರ ಎಲೆಗಳು ಒಂದಕ್ಕೊಂದು ತಾಗಿಯೂ ತಾಗದಂತೆ ಇರಬೇಕು. ನಾವು ಹುಡುಕುವ ಅಂತರ ಅದೇ.

ಬೇಕಾಗುವ ಸಾಮಾನು

ಒಂದು ಅಳತೆ ಟೇಪು, ನಾಲ್ಕು ಗೂಟ, ಉದ್ದನೆಯ ದಾರ, ಒಂದು ಹಿಡಿ ರಂಗೋಲಿ ಪುಡಿ, ಮಕ್ಕಳ ಲೆಕ್ಕದ ಚೌಕಗೆರೆ ಪುಸ್ತಕದ ಒಂದು ಹಾಳೆ, ಪೆನ್ಸಿಲ್. ಇಷ್ಟೇ.

ಇದರ ಜೊತೆಗೆ ನಿಮ್ಮ ಕೈ. ನಮ್ಮ ಹಿರಿಯರು ತೋಟದಲ್ಲಿ ಟೇಪು ಹಿಡಿದವರಲ್ಲ. ನಾಲ್ಕು ಬೆರಳು ಜೋಡಿಸಿದರೆ ಸುಮಾರು 3 ಇಂಚು. ಹೆಬ್ಬೆರಳು ಮತ್ತು ತೋರುಬೆರಳು ಅಗಲಿಸಿದರೆ ಒಂದು ಚೋಟು, ಸುಮಾರು 6 ಇಂಚು. ಹೆಬ್ಬೆರಳಿನಿಂದ ಕಿರುಬೆರಳಿಗೆ ಒಂದು ಗೇಣು, 8ರಿಂದ 9 ಇಂಚು. ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಮೊಳ, ಸುಮಾರು 18 ಇಂಚು. ಎಲ್ಲರ ಕೈಯೂ ಒಂದೇ ಅಳತೆಯದಲ್ಲ. ಹಾಗಾಗಿ ಒಮ್ಮೆ ಟೇಪು ಇಟ್ಟು ನಿಮ್ಮ ಗೇಣು, ಮೊಳ ಎಷ್ಟಿದೆ ಎಂದು ನೋಡಿಕೊಳ್ಳಿ. ಮಣ್ಣು ಮೆತ್ತಿದ ಕೈಯಲ್ಲಿ ಟೇಪು ಎಳೆಯುವುದಕ್ಕಿಂತ ಇದು ಎಷ್ಟೋ ಸಲೀಸು.

ಹಂತ 1: ಬಿಸಿಲು ಎಲ್ಲಿ ಬೀಳುತ್ತದೆ ನೋಡಿ

ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ಹಿತ್ತಲಿಗೆ ಹೋಗಿ ನೆರಳು ಎಲ್ಲೆಲ್ಲಿ ಬಿದ್ದಿದೆ ಎಂದು ಹಾಳೆಯಲ್ಲಿ ಗುರುತು ಹಾಕಿ. ಕಾಯಿ ಬಿಡುವ ಗಿಡಗಳಿಗೆ, ಅಂದರೆ ಟೊಮೆಟೊ, ಬದನೆ, ಮೆಣಸು, ಬೆಂಡೆ, ಹೀರೆಗೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು. ಸೊಪ್ಪಿಗೆ 3–4 ಗಂಟೆ ಸಿಕ್ಕರೂ ನಡೆಯುತ್ತದೆ. ಪಕ್ಕದ ಮನೆಯ ಎರಡನೇ ಮಹಡಿಯ ನೆರಳು ಇಡೀ ದಿನ ಬೀಳುವ ಮೂಲೆಯಲ್ಲಿ ಎಷ್ಟು ಅಂತರ ಕೊಟ್ಟು ನೆಟ್ಟರೂ ಬದನೆ ಕಾಯಿ ಬಿಡುವುದಿಲ್ಲ.

ಗಿಡಗಳು ಒಂದರ ಮೇಲೊಂದು ನೆರಳು ಹಾಕುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರು, ಮೈಸೂರು, ಮಂಗಳೂರಿನ ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ತುಸು ಉತ್ತರಕ್ಕಿರುತ್ತಾನೆ. ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕಿರುತ್ತಾನೆ. ಬೆಂಗಳೂರಿನಲ್ಲಿ 5 ಅಡಿ ಎತ್ತರದ ಚಪ್ಪರದ ನಡುಹಗಲ ನೆರಳು ಜೂನ್‌ನಲ್ಲಿ ದಕ್ಷಿಣಕ್ಕೆ ಸುಮಾರು 1 ಅಡಿ ಮಾತ್ರ. ಅದೇ ಚಪ್ಪರದ ನೆರಳು ಡಿಸೆಂಬರ್‌ನಲ್ಲಿ ಉತ್ತರಕ್ಕೆ ಮೂರೂವರೆ ಅಡಿಗೂ ಜಾಸ್ತಿ. ಆದ್ದರಿಂದ ಎತ್ತರದ ಬಳ್ಳಿಗಳನ್ನು ಉತ್ತರದ ಅಂಚಿಗೆ ಹಾಕುವುದೇ ನಮಗೆ ಸರಿ. ಬೇಸಿಗೆಯಲ್ಲಿ ಕೊತ್ತಂಬರಿಗೆ ಒಂದಿಷ್ಟು ತಂಪು ಬೇಕೆಂದರೆ ಮಾತ್ರ ಅದನ್ನು ಎತ್ತರದ ಗಿಡದ ಪೂರ್ವಕ್ಕೆ ಬಿತ್ತಿ. ಸಂಜೆಯ ಸುಡುಬಿಸಿಲಿಗೆ ಆ ಗಿಡವೇ ಮರೆಯಾಗುತ್ತದೆ.

ಹಂತ 2: ಮಡಿ ಮತ್ತು ದಾರಿ ಗುರುತಿಸಿ

ಮಡಿ ಎಂದರೆ ಗಿಡ ನೆಡುವ ಪಟ್ಟಿ. ಅದರ ಅಗಲ ಎಷ್ಟಿರಬೇಕು ಎನ್ನುವುದನ್ನು ನಿಮ್ಮ ಕೈಯ ಉದ್ದ ಹೇಳುತ್ತದೆ. ಎರಡೂ ಕಡೆಯಿಂದ ಕೈ ಚಾಚಬಹುದಾದರೆ 3 ಅಡಿ, ಹೆಚ್ಚೆಂದರೆ 4 ಅಡಿ. ಒಂದು ಕಡೆ ಕಾಂಪೌಂಡ್ ಇದ್ದರೆ 2 ಅಡಿ ಸಾಕು. ದಾರಿ ಒಂದೂವರೆ ಅಡಿ ಇರಲಿ. ಬಕೆಟ್ ಹಿಡಿದು ಹೋಗಬೇಕಲ್ಲ!

ಎಲ್ಲರೂ ಎಡವುವುದು ಇಲ್ಲೇ. ಜಾಗ ಉಳಿಸಲು ದಾರಿಯನ್ನೇ ತೆಗೆದುಬಿಡುತ್ತಾರೆ. ಆಮೇಲೆ ಕಾಯಿ ಕೀಳಲು ಮಡಿಯ ಮೇಲೇ ಕಾಲಿಡಬೇಕಾಗುತ್ತದೆ. ತುಳಿದ ಮಣ್ಣು ಗಟ್ಟಿಯಾಗಿ ನೀರೂ ಇಳಿಯುವುದಿಲ್ಲ, ಬೇರೂ ಇಳಿಯುವುದಿಲ್ಲ. ಮಡಿಗೆ ಒಮ್ಮೆ ಗೊಬ್ಬರ ಹಾಕಿ ಹದ ಮಾಡಿದ ಮೇಲೆ ಅದರ ಮೇಲೆ ಯಾರೂ ಕಾಲಿಡಬಾರದು, ಮಕ್ಕಳಿಗೂ ಹೇಳಿಡಿ.

ನುಗ್ಗೆ ಮತ್ತು ಕರಿಬೇವು ಮಡಿಯೊಳಗೆ ಬೇಡ. ಅವು ವರ್ಷಗಟ್ಟಲೆ ಇರುವ ಗಿಡಗಳು, ಬೇರು ದೂರ ಹೋಗುತ್ತದೆ. ಅವಕ್ಕೆ ಮೂಲೆಯಲ್ಲಿ ಬೇರೆ ಜಾಗ ಕೊಡಿ.

ಹಂತ 3: ಬೀಜದ ಪ್ಯಾಕೆಟ್ ಓದುವುದು ಕಲಿಯಿರಿ

ಪ್ಯಾಕೆಟ್ ಮೇಲೆ ಅಥವಾ ಕೃಷಿ ಕೈಪಿಡಿಯಲ್ಲಿ "60 × 45 ಸೆಂ.ಮೀ." ಎಂದು ಬರೆದಿರುತ್ತಾರೆ. ಸಾಮಾನ್ಯವಾಗಿ ಮೊದಲ ಸಂಖ್ಯೆ ಸಾಲಿನಿಂದ ಸಾಲಿಗೆ ಇರುವ ದೂರ, ಎರಡನೆಯದು ಅದೇ ಸಾಲಿನಲ್ಲಿ ಗಿಡದಿಂದ ಗಿಡಕ್ಕೆ ಇರುವ ದೂರ. 30 ಸೆಂ.ಮೀ. ಅಂದರೆ ಹೆಚ್ಚುಕಡಿಮೆ ಒಂದು ಅಡಿ.

ಈ ಸಂಖ್ಯೆಗಳನ್ನು ಬರೆದಿರುವುದು ಹೊಲಕ್ಕೆ. ಹೊಲದಲ್ಲಿ ಸಾಲಿನ ನಡುವೆ ಎಡೆಕುಂಟೆ ಹೊಡೆಯಬೇಕು, ಔಷಧಿ ಡಬ್ಬಿ ಹೊತ್ತು ಓಡಾಡಬೇಕು. ಅದಕ್ಕೆಂದೇ ಸಾಲಿನ ದೂರವನ್ನು ಸ್ವಲ್ಪ ಜಾಸ್ತಿ ಇಟ್ಟಿರುತ್ತಾರೆ. ನಾವು ಕೈಯಲ್ಲೇ ಕಳೆ ಕೀಳುವವರು, ದಾರಿಯನ್ನು ಬೇರೆಯಾಗಿ ಬಿಟ್ಟವರು. ಹಾಗಾಗಿ ಮನೆಯ ಮಡಿಯಲ್ಲಿ ಸಾಲಿನ ದೂರವನ್ನು ಸ್ವಲ್ಪ ಇಳಿಸಬಹುದು. ಗಿಡದಿಂದ ಗಿಡಕ್ಕೆ ಇರುವ ದೂರವನ್ನು ಮಾತ್ರ ಇಳಿಸಬೇಡಿ. ಗಿಡದ ಮೈಗೆ ಬೇಕಾದ ಜಾಗ ಅದು.

ತಳಿ ಯಾವುದು ಎಂದೂ ನೋಡಿ. ಟೊಮೆಟೊದಲ್ಲಿ ಪೊದೆಯಂತೆ ಗಿಡ್ಡವಾಗಿ ನಿಲ್ಲುವ ತಳಿಗಳಿವೆ, ಬಳ್ಳಿಯಂತೆ ಎತ್ತರಕ್ಕೆ ಹೋಗುತ್ತಲೇ ಇರುವ ತಳಿಗಳೂ ಇವೆ. ಹುರುಳಿಕಾಯಿಯಲ್ಲೂ ಹಾಗೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್ ಪೊದೆ ತಳಿ, ಅದಕ್ಕೆ ಚಪ್ಪರ ಬೇಡ. ಬಳ್ಳಿ ಬೀನ್ಸ್‌ಗೆ ಆಸರೆ ಬೇಕೇ ಬೇಕು. ಅಂಗಡಿಯವರನ್ನು "ಇದು ಬಳ್ಳಿಯಾ, ಗಿಡವಾ?" ಎಂದು ಕೇಳದೆ ಬೀಜ ತರಬೇಡಿ.

ಹಂತ 4: ಯಾವ ಗಿಡಕ್ಕೆ ಎಷ್ಟು ಅಂತರ

ಮನೆಯ ಮಡಿಗೆ ನಾನು ಬಳಸುವ ಅಳತೆಗಳು ಇವು.

ಟೊಮೆಟೊ: ಕೋಲು ಕೊಟ್ಟು ಕಟ್ಟುವುದಾದರೆ ಗಿಡದಿಂದ ಗಿಡಕ್ಕೆ ಒಂದು ಮೊಳ, ಸಾಲಿಗೆ 2 ಅಡಿ. ಕೋಲು ಕೊಡದೆ ಬಿಡುವುದಾದರೆ ಎಲ್ಲಾ ಕಡೆ 2 ಅಡಿಗೆ ಕಡಿಮೆ ಬೇಡ.

ಬದನೆ: 2 ಅಡಿ. ಸಾಲಿಗೆ ಎರಡೂವರೆ ಅಡಿ ಕೊಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಬದನೆ ಗಿಡ ಎತ್ತರಕ್ಕಿಂತ ಅಗಲಕ್ಕೆ ಜಾಸ್ತಿ ಹರಡುತ್ತದೆ.

ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ: ಒಂದು ಮೊಳ.

ಬೆಂಡೆ: ಗಿಡಕ್ಕೆ 1 ಅಡಿ, ಸಾಲಿಗೆ ಒಂದು ಮೊಳ. ಅದು ನೆಟ್ಟಗೆ ಮೇಲೆ ಹೋಗುವ ಗಿಡ, ಹೆಚ್ಚು ಅಗಲ ಬೇಡುವುದಿಲ್ಲ.

ಪೊದೆ ಹುರುಳಿಕಾಯಿ: ಗಿಡಕ್ಕೆ ಒಂದು ಚೋಟು, ಸಾಲಿಗೆ 1 ಅಡಿ. ಗೋರಿಕಾಯಿಗೂ (ಉತ್ತರ ಕರ್ನಾಟಕದವರ ಚವಳಿಕಾಯಿ) ಗಿಡಕ್ಕೆ ಒಂದು ಚೋಟು, ಸಾಲು ಮಾತ್ರ ಒಂದು ಮೊಳ.

ಎಲೆಕೋಸು, ಹೂಕೋಸು: ಎಲ್ಲಾ ಕಡೆ ಒಂದು ಮೊಳ. ನವಿಲುಕೋಸಿಗೆ ಗಿಡಕ್ಕೆ ಒಂದು ಗೇಣು, ಸಾಲಿಗೆ 1 ಅಡಿ.

ಮೂಲಂಗಿ, ಬೀಟ್‌ರೂಟ್: 4 ಇಂಚು. ಕ್ಯಾರೆಟ್: ನಾಲ್ಕು ಬೆರಳು. ಮೂರಕ್ಕೂ ಸಾಲಿನ ನಡುವೆ ಒಂದು ಗೇಣು. ಈರುಳ್ಳಿಗೆ ಗಿಡಕ್ಕೆ 4 ಇಂಚು, ಸಾಲಿಗೆ ಒಂದು ಚೋಟು.

ಸೊಪ್ಪು: ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ ಸಾಲಿನಲ್ಲಿ ಒತ್ತಾಗಿಯೇ ಇರಲಿ, ಸಾಲಿನಿಂದ ಸಾಲಿಗೆ ಒಂದು ಚೋಟು. ಎಳೆಯದಾಗಿ ಕೀಳುವ ಹರಿವೆಗೂ ಇದೇ ಅಳತೆ. ದಂಟಿಗಾಗಿ ಬಲಿಸುವುದಾದರೆ ಗಿಡಕ್ಕೆ ಒಂದು ಗೇಣು ಬಿಡಿ. ಪಾಲಕ್‌ಗೆ 4 ಇಂಚು.

ಚಪ್ಪರದ ಬಳ್ಳಿ: ಹೀರೆ, ಹಾಗಲ, ಪಡವಲ, ಸೌತೆಗೆ ಎರಡೂವರೆಯಿಂದ 3 ಅಡಿ. ಸೋರೆಗೆ 3 ಅಡಿಗೆ ಕಡಿಮೆ ಬೇಡ. ನೆಲದ ಮೇಲೆ ಹರಿಯುವ ಕುಂಬಳಕ್ಕೆ 6 ಅಡಿಯಾದರೂ ಬೇಕು. ಸಣ್ಣ ಹಿತ್ತಲಿನವರು ಕುಂಬಳದ ಆಸೆ ಬಿಡುವುದೇ ಒಳ್ಳೆಯದು, ಅಥವಾ ಬೀಜವನ್ನು ತೋಟದ ಅಂಚಿಗೆ ಹಾಕಿ ಬಳ್ಳಿಯನ್ನು ಹೊರಕ್ಕೆ ಹರಿಯಬಿಡಿ.

ಈ ಅಳತೆಗಳನ್ನು ಕಾಲಕ್ಕೆ ತಕ್ಕಂತೆ ಸ್ವಲ್ಪ ಆಚೀಚೆ ಮಾಡಬಹುದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಗಾಳಿ ಆಡುವುದು ತುಂಬಾ ಮುಖ್ಯ. ಅಲ್ಲಿ ಮಡಿಯನ್ನು ಅರ್ಧ ಅಡಿಯಾದರೂ ಏರಿಸಿ, ಅಂತರಕ್ಕೆ ಇನ್ನೊಂದು ನಾಲ್ಕು ಬೆರಳು ಸೇರಿಸಿ. ಬಯಲುಸೀಮೆಯ ಬೇಸಿಗೆಯಲ್ಲಿ ಎಲೆಗಳೇ ಮಣ್ಣಿಗೆ ನೆರಳು ಕೊಡಬೇಕು, ಅಲ್ಲಿ ಒಂದೆರಡು ಇಂಚು ಹತ್ತಿರ ಬಂದರೂ ಚಿಂತೆಯಿಲ್ಲ. ಗೊಬ್ಬರ ಚೆನ್ನಾಗಿ ಉಂಡ ಮಣ್ಣಿನಲ್ಲಿ ಗಿಡ ದೊಡ್ಡದಾಗಿ ಹರಡುತ್ತದೆ ಎನ್ನುವುದೂ ನೆನಪಿರಲಿ.

ಕೋಸಿನಲ್ಲಿ ಇನ್ನೊಂದು ಅನುಕೂಲ ಇದೆ. ಅಂತರ ಕಡಿಮೆ ಮಾಡಿದರೆ ಗಡ್ಡೆ ಚಿಕ್ಕದಾಗುತ್ತದೆ. ಮನೆಯಲ್ಲಿ ಇಬ್ಬರೇ ಇದ್ದರೆ ಒಂದು ಹೊತ್ತಿನ ಪಲ್ಯಕ್ಕೆ ಆಗುವಷ್ಟು ಪುಟ್ಟ ಎಲೆಕೋಸೇ ಸಾಕಲ್ವಾ? ಆಗ ಮೊಳದ ಬದಲು 1 ಅಡಿಗೆ ನೆಡಿ. ಈರುಳ್ಳಿಗೂ ಈ ಉಪಾಯ ನಡೆಯುತ್ತದೆ. ಬದನೆ, ಟೊಮೆಟೊಗೆ ನಡೆಯುವುದಿಲ್ಲ.

ಹಂತ 5: ಹಾಳೆಯ ಮೇಲೆ ಮೊದಲು ನೆಡಿ

ಚೌಕಗೆರೆ ಹಾಳೆಯಲ್ಲಿ ಒಂದು ಮನೆಯನ್ನು ಅರ್ಧ ಅಡಿ ಎಂದು ಇಟ್ಟುಕೊಳ್ಳಿ. ಪ್ರತಿ ಗಿಡವನ್ನೂ ಚುಕ್ಕಿಯಾಗಿ ಇಡಬೇಡಿ, ಅದು ಪೂರ್ತಿ ಬೆಳೆದಾಗ ಎಷ್ಟು ಅಗಲವೋ ಅಷ್ಟು ದೊಡ್ಡ ಸುತ್ತು ಬರೆಯಿರಿ. ಬದನೆಗೆ ನಾಲ್ಕು ಮನೆ ಅಗಲದ ಸುತ್ತು, ಬೆಂಡೆಗೆ ಎರಡು ಮನೆ. ಸುತ್ತುಗಳು ಒಂದರ ಮೇಲೊಂದು ಬಂದರೆ ಗಿಡಗಳೂ ಹಾಗೇ ಬರುತ್ತವೆ.

ಒಂದು ಮಡಿಗೆ ಎಷ್ಟು ಗಿಡ ಎಂದು ಅಂದಾಜು ಮಾಡುವುದು ಸುಲಭ. ಮಡಿಯ ಉದ್ದವನ್ನು ಅಗಲದಿಂದ ಗುಣಿಸಿ, ಒಂದು ಗಿಡಕ್ಕೆ ಬೇಕಾದ ಜಾಗದಿಂದ ಭಾಗಿಸಿ. 12 ಅಡಿ ಉದ್ದ, 3 ಅಡಿ ಅಗಲದ ಮಡಿ 36 ಚದರ ಅಡಿ. ಒಂದು ಟೊಮೆಟೊಗೆ 2 × 1.5, ಅಂದರೆ 3 ಚದರ ಅಡಿ. ಸುಮಾರು 12 ಗಿಡ ಹಿಡಿಸುತ್ತದೆ.

ಇನ್ನು ಸಾಲು ಜೋಡಿಸುವ ಬಗೆ. ರಂಗೋಲಿ ಹಾಕುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಒಂದು ನೇರ ಚುಕ್ಕಿ: ಚುಕ್ಕಿಯ ಕೆಳಗೆ ಚುಕ್ಕಿ. ಇನ್ನೊಂದು ಸಂದಿನ ಚುಕ್ಕಿ: ಮೇಲಿನ ಎರಡು ಚುಕ್ಕಿಗಳ ನಡುವಿನ ಸಂದಿಗೆ ಕೆಳಗಿನ ಚುಕ್ಕಿ. ಗಿಡಗಳನ್ನು ಸಂದಿನ ಚುಕ್ಕಿಯಂತೆ ನೆಟ್ಟರೆ ಸಾಲುಗಳನ್ನು ಸ್ವಲ್ಪ ಹತ್ತಿರ ತರಬಹುದು. ಮೆಣಸಿನ ಗಿಡಕ್ಕೆ 18 ಇಂಚು ಬೇಕು ಎಂದುಕೊಳ್ಳಿ. ಸಾಲುಗಳು 16 ಇಂಚಿಗೆ ಬಂದರೂ ಯಾವ ಎರಡು ಗಿಡಗಳ ನಡುವೆಯೂ 18 ಇಂಚು ಉಳಿದೇ ಇರುತ್ತದೆ. ದೊಡ್ಡ ಮಡಿಯಲ್ಲಿ ಹೀಗೆ 100 ಗಿಡದ ಜಾಗದಲ್ಲಿ ಸುಮಾರು 115 ಗಿಡ ಕೂರುತ್ತವೆ. ಪುಟ್ಟ ಮಡಿಯಲ್ಲಿ ಲಾಭ ಒಂದೆರಡು ಗಿಡ ಅಷ್ಟೇ, ಆದರೆ ಬಿಸಿಲು ಎಲ್ಲಕ್ಕೂ ಸಮನಾಗಿ ಬೀಳುತ್ತದೆ.

ಅಂಚಿನ ಲೆಕ್ಕ ತಪ್ಪುವವರು ಬಹಳ. ಮೊದಲ ಗಿಡವನ್ನು ಗೋಡೆಗೇ ಅಂಟಿಸಿ ಶುರುಮಾಡುತ್ತಾರೆ. ಗೋಡೆಯ ಕಡೆ ಮತ್ತು ಮಡಿಯ ಎರಡೂ ತುದಿಗಳಲ್ಲಿ ಅಂತರದ ಅರ್ಧ ಬಿಡಿ. ದಾರಿಯ ಕಡೆ ಒಂದು ಚೋಟು ಸಾಕು, ಯಾಕೆಂದರೆ ಆ ಕಡೆ ಗಿಡಕ್ಕೆ ಬಾಗಲು ಖಾಲಿ ಜಾಗ ಇದೆ.

ಒಂದು ಮಾದರಿ: 12 × 10 ಅಡಿಯ ಹಿತ್ತಲು

ಪೂರ್ವ-ಪಶ್ಚಿಮಕ್ಕೆ 12 ಅಡಿ, ಉತ್ತರ-ದಕ್ಷಿಣಕ್ಕೆ 10 ಅಡಿ ಜಾಗ. ಉತ್ತರಕ್ಕೆ ಕಾಂಪೌಂಡ್, ಉಳಿದ ಮೂರು ಕಡೆ ಓಡಾಡಬಹುದು. ಉತ್ತರದಿಂದ ಶುರುಮಾಡಿದರೆ 2 ಅಡಿ ಮಡಿ, ಒಂದೂವರೆ ಅಡಿ ದಾರಿ, 3 ಅಡಿ ಮಡಿ, ಮತ್ತೆ ಒಂದೂವರೆ ಅಡಿ ದಾರಿ, ಕೊನೆಗೆ 2 ಅಡಿ ಮಡಿ. ಒಟ್ಟು 10 ಅಡಿ ಸರಿಹೋಯಿತು.

ಕಾಂಪೌಂಡ್ ಪಕ್ಕದ ಮಡಿಯಲ್ಲಿ ಬಿದಿರಿನ ಗಳ ನಿಲ್ಲಿಸಿ ಬಲೆ ಕಟ್ಟಿ ಬಳ್ಳಿ ಹಬ್ಬಿಸೋಣ. 3 ಅಡಿ ಅಂತರಕ್ಕೆ ನಾಲ್ಕು ಗುಣಿ. ತುದಿಯಿಂದ ಒಂದೂವರೆ, ನಾಲ್ಕೂವರೆ, ಏಳೂವರೆ, ಹತ್ತೂವರೆ ಅಡಿಗೆ ಗುರುತು. ಎರಡು ಹೀರೆ, ಎರಡು ಹಾಗಲ. ಒಂದೊಂದೇ ಬಳ್ಳಿ ಬೇಡ. ಈ ಬಳ್ಳಿಗಳಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಒಂದೇ ಜಾತಿಯ ಎರಡು ಬಳ್ಳಿ ಇದ್ದರೆ ಒಂದೇ ದಿನ ಎರಡೂ ಹೂವು ಅರಳಿರುವ ಸಂಭವ ಜಾಸ್ತಿ.

ನಡುವಿನ 3 ಅಡಿ ಮಡಿಯಲ್ಲಿ ಎರಡು ಸಾಲು, ನಡುವೆ 2 ಅಡಿ. ಪಶ್ಚಿಮದ ಅರ್ಧದಲ್ಲಿ ಟೊಮೆಟೊ: ಮೊದಲ ಸಾಲಿನಲ್ಲಿ 9 ಇಂಚಿನಿಂದ ಶುರುಮಾಡಿ ಮೊಳಕ್ಕೊಂದರಂತೆ ನಾಲ್ಕು, ಎರಡನೇ ಸಾಲಿನಲ್ಲಿ ಸಂದಿಗೆ ಬರುವಂತೆ ಮೂರು. ಪೂರ್ವದ ಅರ್ಧದಲ್ಲಿ ಬದನೆ: ಮೊದಲ ಸಾಲಿನಲ್ಲಿ 7, 9, 11 ಅಡಿಗೆ ಮೂರು, ಎರಡನೇ ಸಾಲಿನಲ್ಲಿ 8 ಮತ್ತು 10 ಅಡಿಗೆ ಎರಡು. ಎರಡನೇ ಸಾಲಿನ ನಟ್ಟನಡುವೆ, 6 ಅಡಿಯ ಹತ್ತಿರ ಒಂದು ಜಾಗ ಉಳಿಯುತ್ತದೆ. ಅಲ್ಲಿ ಒಂದು ಮೆಣಸಿನ ಗಿಡ. ಹೌದು, ಬದನೆ ಪಕ್ಕ ಮೆಣಸು ಹಾಕಬಹುದು. ಆದರೆ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಎಲ್ಲವೂ ಒಂದೇ ಬಳಗ. ಒಂದಕ್ಕೆ ಬರುವ ಸೊರಗು ರೋಗ, ಅಂದರೆ ಹಸಿರಾಗಿದ್ದ ಗಿಡ ಹಾಗೇ ಬಾಡಿ ಬೀಳುವ ರೋಗ, ಮಣ್ಣಿನ ಮೂಲಕ ಇನ್ನೊಂದಕ್ಕೂ ಹೋಗಬಹುದು. ಮುಂದಿನ ಹಂಗಾಮಿನಲ್ಲಿ ಈ ಮಡಿಗೆ ಹುರುಳಿಕಾಯಿ, ಬೆಂಡೆ ಅಥವಾ ಸೊಪ್ಪು ಹಾಕಿ.

ಒಟ್ಟು 13 ಗಿಡ. ನಾಲ್ಕು ಜನರ ಮನೆಗೆ ಐದು ಬದನೆ ಗಿಡ ಧಾರಾಳ ಸಾಕು. ಬಿಸಿಲು, ನೀರು, ಗೊಬ್ಬರ ಸರಿಯಾಗಿ ಸಿಕ್ಕಿದ ಐದು ಗಿಡದ ಕಾಯಿಯನ್ನು ಪಕ್ಕದ ಮನೆಗೂ ಕೊಡುತ್ತೀರಿ.

ದಕ್ಷಿಣದ 2 ಅಡಿ ಮಡಿ ಗಿಡ್ಡ ಗಿಡಗಳಿಗೆ. ಮೊದಲ 4 ಅಡಿಯಲ್ಲಿ ಪೊದೆ ಹುರುಳಿಕಾಯಿ, ಎರಡು ಸಾಲಿಗೆ 16 ಗಿಡ. ಮುಂದಿನ 2 ಅಡಿಯಲ್ಲಿ ಮೂರು ಸಾಲು ಮೂಲಂಗಿ, ಒಟ್ಟು 18. ಅದರ ಮುಂದಿನ 2 ಅಡಿಯಲ್ಲಿ ಮೂರು ಸಾಲು ಕ್ಯಾರೆಟ್, ಒಟ್ಟು 24. ಕೊನೆಯ 4 ಅಡಿ ಸೊಪ್ಪಿಗೆ: ಅಡ್ಡಡ್ಡಕ್ಕೆ ಚೋಟಿಗೊಂದರಂತೆ ಎಂಟು ಗಿಡ್ಡ ಸಾಲು. ಎಂಟನ್ನೂ ಒಂದೇ ದಿನ ಬಿತ್ತಬೇಡಿ. 10 ದಿನಕ್ಕೆ ಎರಡು ಸಾಲಿನಂತೆ ಬಿತ್ತುತ್ತಾ ಹೋದರೆ ಸೊಪ್ಪು ಮುಗಿಯುವುದೇ ಇಲ್ಲ.

ಬೆಂಡೆಗೆ ಇದರಲ್ಲಿ ಜಾಗ ಇಲ್ಲ. ಬೇಕೇ ಬೇಕೆಂದರೆ ಬದನೆಯ ಜಾಗ ಬಿಡಬೇಕು. ಎಲ್ಲವನ್ನೂ ಒಂದೇ ಹಂಗಾಮಿನಲ್ಲಿ ಬೆಳೆಯಲು ಹೊರಡುವುದರಿಂದಲೇ ಗಿಡಗಳು ಇಕ್ಕಟ್ಟಾಗುವುದು.

ಹಂತ 6: ನೆಲದ ಮೇಲೆ ಗುರುತು ಹಾಕಿ ನೆಡಿ

ಮಡಿಯ ಎರಡೂ ತುದಿಗೆ ಗೂಟ ಹೊಡೆದು ದಾರ ಎಳೆಯಿರಿ. ದಾರಕ್ಕೆ ಮೊದಲೇ ಮೊಳಕ್ಕೊಂದು ಗಂಟು ಹಾಕಿಟ್ಟರೆ ಪ್ರತಿ ಸಲ ಅಳೆಯುವ ಕೆಲಸ ಉಳಿಯುತ್ತದೆ. ಗಂಟಿನ ಕೆಳಗೆ ಒಂದು ಚಿಟಿಕೆ ರಂಗೋಲಿ ಪುಡಿ. ಎಲ್ಲಾ ಚುಕ್ಕಿ ಹಾಕಿ ಮುಗಿಯುವವರೆಗೆ ಒಂದೂ ಗುಣಿ ತೆಗೆಯಬೇಡಿ. ಎದ್ದು ನಿಂತು ಒಮ್ಮೆ ನೋಡಿ, ತಪ್ಪಿದ್ದರೆ ಕಣ್ಣಿಗೆ ಬೀಳುತ್ತದೆ.

ಕೋಲು, ಬಲೆ, ಚಪ್ಪರದ ಗಳಗಳನ್ನು ಸಸಿ ನೆಡುವ ದಿನವೇ ನಿಲ್ಲಿಸಿ. ತಿಂಗಳು ಬಿಟ್ಟು ಹಾರೆ ಹಾಕಿದರೆ ಬೇರು ಕತ್ತರಿಸುತ್ತದೆ.

ಟೊಮೆಟೊ, ಬದನೆ, ಮೆಣಸು 4–5 ವಾರದ ಸಸಿಯಾಗಿರಲಿ. ಬಿಸಿಲು ಇಳಿದ ಮೇಲೆ ನೆಟ್ಟು ನೀರು ಕೊಡಿ. ಎರಡು ಮೂರು ಸಸಿಗಳನ್ನು ಒಂದು ಮೂಲೆಯಲ್ಲಿ ಅಥವಾ ಕುಂಡದಲ್ಲಿ ಬೇರೆ ಇಟ್ಟುಕೊಂಡಿರಿ. ಸತ್ತ ಸಸಿಯ ಜಾಗಕ್ಕೆ ಅವು ಹೋಗುತ್ತವೆ. "ಒಂದು ಸತ್ತರೆ ಇನ್ನೊಂದಿರಲಿ" ಎಂದು ಒಂದೇ ಗುಣಿಗೆ ಎರಡೆರಡು ಸಸಿ ನೆಡುವವರಿದ್ದಾರೆ. ಎರಡೂ ಬದುಕುತ್ತವೆ, ಎರಡೂ ಸೊರಗುತ್ತವೆ.

ಹಂತ 7: ಹೆಚ್ಚಾದ ಸಸಿ ತೆಗೆಯಿರಿ

ಬೀಜವನ್ನೇ ನೇರ ಬಿತ್ತುವ ಬೆಳೆಗಳಲ್ಲಿ ಅಂತರ ಬರುವುದು ಈ ಹಂತದಲ್ಲಿ. ಬೆಂಡೆ, ಹುರುಳಿಕಾಯಿಗೆ ಗುಣಿಗೆ ಎರಡು ಬೀಜ ಹಾಕಿ. 10–12 ದಿನಕ್ಕೆ ಚೆನ್ನಾಗಿರುವುದನ್ನು ಉಳಿಸಿ ಇನ್ನೊಂದನ್ನು ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಿ. ಕಿತ್ತರೆ ಉಳಿಯಬೇಕಾದ ಗಿಡದ ಬೇರೂ ಅಲ್ಲಾಡುತ್ತದೆ.

ಮೂಲಂಗಿ, ಕ್ಯಾರೆಟ್ ಸಾಲಾಗಿ ಉದುರಿಸಿದ್ದರೆ ಎರಡು ಸಲ ತೆಗೆಯಿರಿ. ಮೊದಲು ಎರಡು ಬೆರಳು ಅಂತರಕ್ಕೆ, ಇನ್ನೊಂದು ವಾರ 10 ದಿನ ಬಿಟ್ಟು ಪೂರ್ತಿ ಅಂತರಕ್ಕೆ. ಬೀಟ್‌ರೂಟ್ ಮತ್ತು ಪಾಲಕ್ ಬಗ್ಗೆ ಜಾಸ್ತಿ ಎಚ್ಚರ ಇರಲಿ. ನಾವು ಬೀಜ ಎನ್ನುವ ಆ ಒರಟು ಗಂಟಿನೊಳಗೆ ಎರಡು ಮೂರು ಬೀಜ ಸೇರಿರುತ್ತವೆ. ಎಷ್ಟೇ ಅಳೆದು ಬಿತ್ತಿದರೂ ಒಂದು ಜಾಗದಲ್ಲಿ ಗುಂಪಾಗಿ ಮೊಳೆಯುತ್ತವೆ. ಕೊತ್ತಂಬರಿಯ ಕಾಳಿನಲ್ಲೂ ಎರಡು ಬೀಜ ಇವೆ, ಮೆಲ್ಲಗೆ ಉಜ್ಜಿ ಹೋಳು ಮಾಡಿ ಬಿತ್ತಿ.

ಮೊಳೆತದ್ದನ್ನು ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ, ಗೊತ್ತು. "ಮೂಲಂಗಿಗೆ ಎಲೆ ಮಾತ್ರ ಬಂತು, ಗಡ್ಡೆ ಬರಲೇ ಇಲ್ಲ" ಎಂದು ಕೇಳುವವರ ಮಡಿ ನೋಡಿದರೆ ಬಹಳ ಸಲ ಕಾರಣ ಇದೇ ಆಗಿರುತ್ತದೆ. ಕಿತ್ತ ಮೂಲಂಗಿ ಎಲೆ, ಹರಿವೆ, ಪಾಲಕ್ ಎಲ್ಲವೂ ಬಸ್ಸಾರಿಗೆ, ಪಲ್ಯಕ್ಕೆ ಆಗುತ್ತದೆ. ಏನೂ ಹಾಳಾಗುವುದಿಲ್ಲ.

ಹಂತ 8: ಖಾಲಿ ಜಾಗವನ್ನು ಒಂದು ತಿಂಗಳ ಮಟ್ಟಿಗೆ ಬಳಸಿ

ಮಡಿ ಬೋಳಾಗಿದೆ ಎಂಬ ಸಂಕಟಕ್ಕೆ ಸರಿಯಾದ ದಾರಿ ಇದು. ಬದನೆ ಸಸಿ ನೆಟ್ಟು ಮೊದಲ ಕಾಯಿ ಕೀಳಲು ಎರಡು ತಿಂಗಳಿಗೂ ಜಾಸ್ತಿ ಬೇಕು. ಅದು ಹರಡಿಕೊಳ್ಳುವ ಮೊದಲೇ ಮುಗಿಯುವ ಬೆಳೆಯನ್ನು ನಡುವೆ ಹಾಕಿ. ಮೆಂತ್ಯ ಮತ್ತು ಹರಿವೆ 25–30 ದಿನಕ್ಕೆ, ಮೂಲಂಗಿ ಮತ್ತು ಕೊತ್ತಂಬರಿ 40 ದಿನದ ಆಸುಪಾಸಿಗೆ ಕೈಗೆ ಬರುತ್ತವೆ. ಬದನೆಯ ಬುಡದಿಂದ ಒಂದು ಗೇಣು ದೂರ ಬಿಟ್ಟು, ಸಸಿ ನೆಟ್ಟ ವಾರದೊಳಗೆ ಬಿತ್ತಿ. ತಡಮಾಡಿದರೆ ಇವೇ ಬದನೆಗೆ ತೊಂದರೆ ಕೊಡುತ್ತವೆ. ದಿನ ಮುಗಿದ ಕೂಡಲೇ ಪೂರ್ತಿ ಕಿತ್ತು, ಆ ಜಾಗಕ್ಕೆ ಒಣ ಎಲೆ ಅಥವಾ ತೆಂಗಿನ ನಾರಿನ ಹೊದಿಕೆ ಹಾಕಿ.

ಕುಂಡದಲ್ಲಿ ಬೆಳೆಯುವವರಿಗೆ

ತಾರಸಿಯಲ್ಲೂ ಲೆಕ್ಕ ಇದೇ. 12 ಇಂಚಿನ ಕುಂಡಕ್ಕೆ ಒಂದೇ ಟೊಮೆಟೊ, ಅಥವಾ ಒಂದೇ ಬದನೆ, ಅಥವಾ ಒಂದೇ ಮೆಣಸು. ಕುಂಡಗಳನ್ನು ಒಂದಕ್ಕೊಂದು ಅಂಟಿಸಿ ಇಡಬೇಡಿ. ಬೇರು ಬೇರೆಯಾದರೂ ಎಲೆಗಳು ಹಂಚಿಕೊಳ್ಳುವ ಬಿಸಿಲು ಒಂದೇ. ಕುಂಡದಲ್ಲಿ ಒಂದು ಅನುಕೂಲ ಏನೆಂದರೆ, ಗಿಡ ಬೆಳೆದಂತೆ ಸರಿಸುತ್ತಾ ಹೋಗಬಹುದು.

ಈಗಾಗಲೇ ಒತ್ತಾಗಿ ನೆಟ್ಟಿದ್ದರೆ

ಸಸಿ ನೆಟ್ಟು 10–12 ದಿನ ದಾಟಿಲ್ಲದಿದ್ದರೆ ಒಂದು ಬಿಟ್ಟು ಒಂದನ್ನು ಬೇರಿನ ಸುತ್ತ ಮಣ್ಣಿನ ಹೆಂಟೆ ಸಮೇತ ಎತ್ತಿ ಬೇರೆ ಕಡೆ ನೆಡಿ. ಸಂಜೆ ಮಾಡಿ, ಎರಡು ದಿನ ನೆರಳು ಕೊಡಿ.

ಹೂವು ಶುರುವಾಗಿದ್ದರೆ ಎತ್ತಿ ನೆಡುವುದು ಬೇಡ. ಸೊರಗಿದ ಗಿಡಗಳನ್ನು ಆರಿಸಿ ನೆಲಮಟ್ಟಕ್ಕೆ ಕತ್ತರಿಸಿಬಿಡಿ. ಟೊಮೆಟೊ ಆಗಿದ್ದರೆ ಉಳಿದ ಗಿಡಗಳನ್ನು ಕೋಲಿಗೆ ಎತ್ತಿ ಕಟ್ಟಿ, ಬುಡದಿಂದ ಒಂದು ಗೇಣಿನವರೆಗಿನ ಎಲೆ ತೆಗೆಯಿರಿ. ಬಳ್ಳಿಯಂತೆ ಹೋಗುವ ತಳಿಯಾದರೆ ಎಲೆ ಮತ್ತು ಕಾಂಡದ ಸಂದಿನಲ್ಲಿ ಬರುವ ಕಂಕುಳ ಚಿಗುರನ್ನೂ ಎಳೆಯದಾಗಿರುವಾಗಲೇ ಚಿವುಟಿ. ಎಲೆಯ ಮೇಲಿನ ನೀರು ಆರಿರುವಾಗ ಈ ಕೆಲಸ ಮಾಡಿ. ಎಲೆ ಒದ್ದೆಯಾಗಿದ್ದರೆ ನಿಮ್ಮ ಕೈಯೇ ರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ.

ಚಪ್ಪರದಲ್ಲಿ ಐದಾರು ಹೀರೆ ಬಳ್ಳಿ ಹೆಣೆದುಕೊಂಡಿದ್ದರೆ ಎರಡನ್ನು ಉಳಿಸಿ ಉಳಿದವನ್ನು ಬುಡದಲ್ಲಿ ಕತ್ತರಿಸಿ. ಆಗಲೇ ಎಳೆಯಲು ಹೋಗಬೇಡಿ. ಹಸಿ ಬಳ್ಳಿಯ ಕುಡಿಗಳು ಬಿಗಿಯಾಗಿ ಸುತ್ತಿಕೊಂಡಿರುತ್ತವೆ, ಎಳೆದರೆ ಒಳ್ಳೆಯ ಬಳ್ಳಿಯೂ ಹರಿದು ಬರುತ್ತದೆ. ನಾಲ್ಕೈದು ದಿನ ಹಾಗೇ ಬಿಡಿ. ಒಣಗಿದ ಮೇಲೆ ಕೈಯಲ್ಲೇ ಪುಡಿಪುಡಿಯಾಗಿ ಬಿಡಿಸಿಕೊಳ್ಳುತ್ತದೆ.